ಅಕ್ಕೋರು ಹಿಡಿದ ತಂತಿ

ಅಕ್ಕೋರು ಹೋದರು ಅನ್ನುವ ಸುದ್ದಿಯನ್ನು ಹಾನಗಲ್ಲಿನಿಂದ ಫೋನು ಮಾಡಿ ಹೇಳಿದವನು ಮಕ್ತುಮ. "ಸರ, ನಮ್ಮ ಅಕ್ಕೋರು ಹ್ವಾದ್ರು" ಎಂದ. ಇಬ್ಬರೂ ಫೋನು ಹಿಡಿದುಕೊಂಡೇ ಕೂತೆವು. ಆಮೇಲೆ ಅವನೇ "ಕೇಳಾಕತ್ತೀರೇನ್ರಿ?" ಎಂದ. "ಕೇಳಾಕತ್ತೇನಿ" ಎಂದೆ. ಅಕ್ಕೋರಿಗೆ ಬಹಳ ಬೇಕಾಗಿದ್ದ ಮಾತು ಅದು. ಎದುರಿಗಿನವರು ಕೇಳುತ್ತಿದ್ದಾರೋ ಇಲ್ಲವೋ ಎನ್ನುವುದನ್ನು ಮೊದಲು ಖಾತ್ರಿ ಮಾಡಿಕೊಳ್ಳಬೇಕು ಎಂದು ಅವರು ಮಕ್ಕಳಿಗೆ ಹೇಳುತ್ತಿದ್ದರು. ನಾಟಕದ ದೀಪಗಳಿಗೆಂದು ತಾವು ಮಾಡಿದ ಪೆಟ್ಟಿಗೆಗಳಿಗೂ ಅದನ್ನೇ ಕಲಿಸಿದ್ದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹಾನಗಲ್ಲಿನಲ್ಲಿ ಆ ಹೆಸರು ಹಿಡಿದು ಅವರನ್ನು ಯಾರೂ ಕರೆದದ್ದಿಲ್ಲ. ಈಗ ಬರೆದರೆ ಯಾರೋ ಬೇರೆಯವರ ಬಗ್ಗೆ ಬರೆದಂತೆ ನನಗೇ ಅನಿಸುತ್ತದೆ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುವುದು ರೂಢಿ. ಹಂಸಭಾವಿಯ ಕಡೆಯವರಾದ ಇವರು ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಆಮೇಲೆ ಹಾನಗಲ್ಲಿನ ನಮ್ಮ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದರು. ಅಷ್ಟರಲ್ಲಿ ಕಾಲೇಜಿನಲ್ಲಿ 'ಮೇಡಂ' ಅನ್ನುವ ಹೊಸ ಗಾಳಿ ಬೀಸಿತ್ತು. ಉಳಿದವರೆಲ್ಲ ಮೇಡಂ ಆದರು, ಇವರೊಬ್ಬರು ಅಕ್ಕೋರಾಗಿಯೇ ಉಳಿದರು. ನಾನು ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಹೊಟ್ಟೆಪಾಡಿಗೆ ಕನ್ನಡ, ಹುಚ್ಚಿಗೆ ನಾಟಕ. ಬರೆಯುವುದು, ಆಡಿಸುವುದು, ಆಡುವವರ ಮೇಲೆ ಒದರಾಡುವುದು ಎಲ್ಲವೂ ನನ್ನದೇ ಕೆಲಸ.

ಅಕ್ಕೋರದು ಎತ್ತರದ ಆಳು, ಕಡ್ಡಿಯಂಥ ಮೈ. ಕೈಮಗ್ಗದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆಂದರೆ ಏನೋ ಕೆಲಸ ಹಿಡಿದರು ಎಂದು ಅರ್ಥ. ಆ ಸೆರಗಿನ ತುಂಬ ಬೆಸುಗೆ ಕಡ್ಡಿ ತಾಗಿ ಸುಟ್ಟ ಸಣ್ಣ ಸಣ್ಣ ತೂತು. "ಏನ್ರಿ ಅಕ್ಕೋರ, ಸೀರಿಗೆ ಇಲಿ ಬಡದೈತೇನು?" ಎಂದು ನಾನು ಕಾಡಿಸಿದರೆ, "ಇಲಿ ಅಲ್ರೀ ಸರ, ನಾನ ತಿಂದೇನಿ" ಎನ್ನುತ್ತಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಮನೆಯಲ್ಲಿ ಅವರು ಮತ್ತು ಅವರ ಅವ್ವ, ಇಬ್ಬರೇ. ದನಿ ಬಹಳ ಸಣ್ಣದು. ಕ್ಲಾಸಿನಲ್ಲಿ ಅವರು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಪಕ್ಕದ ಕೋಣೆಯಲ್ಲಿ ನಾನು ಒದರುತ್ತಿದ್ದದ್ದೇ ಇಬ್ಬರ ಲೆಕ್ಕಕ್ಕೂ ಸಾಕಾಗುತ್ತಿತ್ತು.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತೆಂದರೆ 'ಇನ್ನೊಮ್ಮೆ'. ಹುಡುಗ ತಲೆ ಕೆಳಗೆ ಹಾಕಿ ಗೊಣಗೊಣ ಉತ್ತರ ಹೇಳಿದರೆ, "ಅರ್ಧ ಕೇಳಸ್ತು. ಅರ್ಧಕ್ಕ ಶಾಬಾಸ್ ಅನ್ನಂಗಿಲ್ಲ, ಅರ್ಧಕ್ಕ ಬೈಯಂಗೂ ಇಲ್ಲ. ಇನ್ನೊಮ್ಮೆ ಹೇಳು" ಎನ್ನುತ್ತಿದ್ದರು. ಹುಡುಗ ಸರಿಯಾಗಿ ಹೇಳುವ ತನಕ ಪಾಠ ಮುಂದೆ ಹೋಗುತ್ತಿರಲಿಲ್ಲ, ಅವರ ಮುಖದಲ್ಲಿ ಬೇಸರವೂ ಕಾಣುತ್ತಿರಲಿಲ್ಲ. ಒಮ್ಮೆ ಸ್ಟಾಫ್ ಮೀಟಿಂಗಿನಲ್ಲಿ, ಪರೀಕ್ಷೆಯಲ್ಲಿ ನಕಲು ಹೊಡೆದನೆಂದು ಒಬ್ಬ ಹುಡುಗನ ಹೆಸರು ಬಂತು. ಹೊರಗೆ ಹಾಕೋಣ ಎಂದು ಮುಕ್ಕಾಲು ಜನ ತಯಾರಾದರು. ಅಕ್ಕೋರು "ನೋಡಿದವ್ರು ಯಾರ್ರಿ?" ಎಂದು ಕೇಳಿದರು. ಅವರು ಹೇಳಿದ್ದನ್ನು ಇವರು, ಇವರು ಹೇಳಿದ್ದನ್ನು ಮತ್ತೊಬ್ಬರು ಕೇಳಿದ್ದಷ್ಟೇ ಹೊರತು ನೋಡಿದವರು ಯಾರೂ ಇರಲಿಲ್ಲ. "ಅಂದ್ರ ನಮಗ ಇನ್ನೂ ಕೇಳಿಸಿಲ್ಲ. ಕೇಳಿಸೂ ತನಕ ಹುಡುಗ ಇದ್ದಲ್ಲೇ ಇರ್ಲಿ. ನಾವು ಕೇಳೂದು ಮಾತ್ರ ಬಿಡೂದು ಬ್ಯಾಡ" ಎಂದರು. ಮುಂದೆ ವಿಚಾರಿಸಿದಾಗ ನಕಲು ಹೊಡೆದವನು ಬೇರೆಯವನೇ ಎಂದು ಗೊತ್ತಾಯಿತು.

ಇನ್ನು ಮಕ್ತುಮನ ವಿಷಯ. ಅವನು ನಮ್ಮ ನಾಟಕ ಸಂಘದ ಲೈಟಿನವನು. ಎಪ್ಪತ್ತರ ದಶಕದಲ್ಲಿ ನಮ್ಮಂಥವರ ರಂಗದ ಮೇಲೆ ಬೆಳಕು ಏರಿಸಿ ಇಳಿಸುತ್ತಿದ್ದದ್ದು ಉಪ್ಪುನೀರಿನಿಂದ. ಮಣ್ಣಿನ ದೊಡ್ಡ ಕೊಳವೆಗಳಲ್ಲಿ ಉಪ್ಪು ಕದಡಿದ ನೀರು ತುಂಬಿ, ಕರೆಂಟಿನ ತಂತಿ ಕಟ್ಟಿದ ತಾಮ್ರದ ತಗಡನ್ನು ಹಗ್ಗದಿಂದ ಅದರೊಳಗೆ ಇಳಿಬಿಡಬೇಕು. ತಗಡು ಇಳಿದಷ್ಟೂ ಬೆಳಕು ಏರುತ್ತದೆ, ಮೇಲೆತ್ತಿದಷ್ಟೂ ಬೆಳಕು ಇಳಿಯುತ್ತದೆ. ಸೈಡ್ ವಿಂಗಿನ ಕತ್ತಲಲ್ಲಿ ನಿಂತು ಮಕ್ತುಮ ಆ ಹಗ್ಗ ಹಿಡಿದರೆ ರಂಗದ ಮೇಲೆ ಸಂಜೆಯಾಗುತ್ತಿತ್ತು, ಬೆಳಗಾಗುತ್ತಿತ್ತು. ನಾನು ಬರೆದ ನಾಟಕವೊಂದರ ಕೊನೆಯಲ್ಲಿ, ಜಡ್ಡು ಬಿದ್ದ ಮಗಳ ಪಕ್ಕ ರಾತ್ರಿಯಿಡೀ ಕೂತ ಅಪ್ಪ ತನ್ನಷ್ಟಕ್ಕೆ ತಾನು ಮಾತಾಡುತ್ತಾನೆ. ಅವನ ಮಾತು ಮುಗಿಯುವ ಹೊತ್ತಿಗೆ ಕಿಟಕಿಯಲ್ಲಿ ಬೆಳಗಾಗಬೇಕು, ಮಗಳು ಕಣ್ಣು ಬಿಡಬೇಕು. ಅಲ್ಲಿ ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಮಾತಿಗೆ ಅಳುತ್ತಾರೆಂದು ನಾನು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. "ನಿಮ್ಮ ಮಾತು ಭಾಳ ಉದ್ದ ಆದ್ವು ಸರ. ಮಂದಿ ಅಳೂದು ಮಕ್ತುಮನ ಬೆಳಗಿಗೆ" ಎಂದು ಅಕ್ಕೋರು ನನ್ನ ಮುಖಕ್ಕೆ ಹೊಡೆದಂತೆ ಹೇಳಿದರು.

ಅದೇ ನಾಟಕ ಹಿರೇಕೆರೂರಿನಲ್ಲಿ ನಡೆದಾಗ ಅಕ್ಕೋರು ತಮ್ಮ ಅವ್ವನನ್ನು ಕರೆದುಕೊಂಡು ಹೆಣ್ಣುಮಕ್ಕಳ ಸಾಲಿನಲ್ಲಿ ಮುಂದೆಯೇ ಕೂತಿದ್ದರು. ಮೊದಲ ಅಂಕ ಮುಗಿಯುವಾಗ ಬೆಳಕು ಒಂಥರಾ ನಡುಗಿತು. ನಾವೆಲ್ಲ ಮಕ್ತುಮ ಹಗ್ಗ ಸರಿಮಾಡುತ್ತಿದ್ದಾನೆ ಎಂದುಕೊಂಡೆವು. ಅಕ್ಕೋರು ಮಾತ್ರ ಎದ್ದು ಓಡಿ ರಂಗದ ಬದಿಗೆ ಹತ್ತಿದರು. ಒದ್ದೆ ಹಗ್ಗದ ಜೊತೆಗೆ ತಗಡಿನ ತಂತಿಯೂ ಮಕ್ತುಮನ ಬಲಗೈಗೆ ಸಿಕ್ಕಿ, ಅವನು ಬಿಡಿಸಿಕೊಳ್ಳಲಾಗದೆ ನಿಂತಿದ್ದ. ಒಬ್ಬ ಹುಡುಗ ಅವನನ್ನು ಎಳೆಯಲು ಕೈಚಾಚಿದ್ದ. "ಯಾರೂ ಮುಟ್ಟಬ್ಯಾಡ್ರಿ!" ಎಂದು ಅಕ್ಕೋರು ಕೂಗಿದರು. ಅವರ ಗಂಟಲಲ್ಲಿ ಅಷ್ಟು ದನಿ ಇದೆಯೆಂದು ನಮಗೆ ಗೊತ್ತೇ ಇರಲಿಲ್ಲ. ಪರದೆ ಎತ್ತುವ ಬಿದಿರಿನ ಗಳ ಕಿತ್ತುಕೊಂಡು ತಂತಿಗೆ ಹೊಡೆದು ಬಿಡಿಸಿದರು. ಮಕ್ತುಮ ಬದುಕಿದ. ಅವನ ಬಲಗೈಯ ಬೆರಳುಗಳು ಮಾತ್ರ ಮಡಚಿಕೊಂಡವು ಮತ್ತೆ ತೆರೆಯಲಿಲ್ಲ.

ಸಂಘದ ಖರ್ಚು ಹೊರುತ್ತಿದ್ದವರು ರುದ್ರಗೌಡರು. ಬಂಕಾಪುರದ ಕಡೆ ಜಮೀನಿದ್ದವರು. ನಾಟಕದಲ್ಲಿ ಆ ಅಪ್ಪನ ಪಾತ್ರವೂ ಅವರದೇ. ಕೆಟ್ಟ ಮನುಷ್ಯರಲ್ಲ, ಆದರೆ ರಂಗದ ಮೇಲೆ ತಮಗೆ ಮುಜುಗರವಾಗುವುದನ್ನು ಮಾತ್ರ ಸಹಿಸುತ್ತಿರಲಿಲ್ಲ. "ಪಾಪ, ಮಕ್ತುಮಗ ಬ್ಯಾರೆ ಏನರ ಕೆಲಸ ಕೊಡೂಣು. ಲೈಟಿಗೆ ಹುಬ್ಬಳ್ಳಿಯಿಂದ ಒಬ್ಬವ್ನ ಕರಸ್ರಿ" ಎಂದರು. ಮಕ್ತುಮ ನೆಲ ನೋಡುತ್ತ ನಿಂತಿದ್ದ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ ಎನ್ನುವುದಕ್ಕಿಂತ, ಬೇರೆ ಕೆಲಸ ಬೇಕಿರಲಿಲ್ಲ. ತಾಲೀಮು ನೋಡಲು ಬಂದಿದ್ದ ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಜೀವ ಉಳಿಸಿದ್ದು ಅರ್ಧ ಕೆಲಸ ಆತು ಗೌಡ್ರ. ಉಳಿದದ್ದು ನಾ ಮಾಡ್ತೇನಿ" ಎಂದರು. ಏನು ಮಾಡುತ್ತೀರಿ ಎಂದು ಕೇಳಿದರೆ, ಇನ್ನೂ ಗೊತ್ತಿಲ್ಲ ಎಂದರು.

ಗೊತ್ತಾಗಲು ವರ್ಷಗಳೇ ಹಿಡಿದವು. ಮೊದಲು ಉಪ್ಪುನೀರನ್ನು ಓಡಿಸಿ, ತಿರುಗಿಸುವ ಗುಂಡಿಗಳಿದ್ದ ಪೆಟ್ಟಿಗೆಯೊಂದನ್ನು ಮಾಡಿದರು. ಮಕ್ತುಮ ಅದನ್ನು ಎಡಗೈಯಲ್ಲಿ ತಿರುಗಿಸಿ ಮತ್ತೆ ಬೆಳಗು ಮಾಡಲು ಕಲಿತ. ಅಲ್ಲಿಗೆ ಬಿಟ್ಟಿದ್ದರೆ ಎಲ್ಲರಿಗೂ ಸುಖವಿತ್ತು. ಒಂದು ದಿನ ಅಕ್ಕೋರು ಸುಮ್ಮನಿರಲಾರದೆ ಅವನನ್ನು ಕೇಳಿದರು: "ಮಕ್ತುಮ, ನಮ್ಮ ನಾಟಕ ನಿನಗ ಹೆಂಗ ಕಾಣ್ತೈತಿ?"

"ಬಗಲಾಗಿಂದ ಕಾಣ್ತೈತ್ರಿ ಅಕ್ಕೋರ. ಗೌಡ್ರ ಮೂಗು ಕಾಣ್ತೈತಿ, ಒಂದು ಕಿವಿ ಕಾಣ್ತೈತಿ. ಮಾರಿ ಕಾಣಂಗಿಲ್ಲ."

"ಮತ್ತ ಮಾರಿ ಮ್ಯಾಲ ಬೆಳಕು ಎಷ್ಟು ಬಿತ್ತಂತ ಹೆಂಗ ತಿಳೀತೈತಿ?"

"ಮಂದಿ ಸುಮ್ಮನಾಗ್ತಾರಲ್ರಿ, ಅದರಿಂದ ತಿಳ್ಕೊಂತೇನಿ."

ಬೆಳಕು ಬಿಡುವವನು ನಾಟಕವನ್ನು, ಆಡುವವರ ಮುಖವನ್ನು ಎದುರಿನಿಂದ ನೋಡಿಯೇ ಇಲ್ಲ ಅನ್ನುವುದು ಅಕ್ಕೋರಿಗೆ ತಡೆಯಲಾಗದ ಅನ್ಯಾಯವಾಗಿ ಕಂಡಿತ್ತು. ಲೈಟಿನವನು ಜನರ ಹಿಂದೆ, ರಂಗಕ್ಕೆ ಎದುರಾಗಿ ಕೂರಬೇಕು ಎಂದು ತೀರ್ಮಾನಿಸಿದರು. ಕರೆಂಟಿನ ದಪ್ಪ ತಂತಿಗಳನ್ನು ಅಷ್ಟು ದೂರ, ಜನರ ಕಾಲಡಿಯಲ್ಲಿ ಎಳೆಯುವಂತಿರಲಿಲ್ಲ. ಹಾಗಾಗಿ ದೀಪಗಳ ಪೆಟ್ಟಿಗೆ ರಂಗದ ಕೆಳಗೇ ಇರಲಿ, ಮಕ್ತುಮನ ಮುಂದೆ ಗುಂಡಿಗಳ ಸಣ್ಣ ಪೆಟ್ಟಿಗೆ ಇರಲಿ, ನಡುವೆ ಒಂದೇ ಒಂದು ತೆಳು ತಂತಿಯ ಜೋಡಿ, ಅದರಲ್ಲಿ ಮಾತು ಮಾತ್ರ ಹೋಗಲಿ ಎಂದರು.

"ಪೆಟಗಿ ಪೆಟಗಿ ಕೂಡ ಮಾತಾಡ್ತಾವೇನ್ರಿ?" ಎಂದು ರುದ್ರಗೌಡರು ನಕ್ಕರು.

"ಮನಷ್ಯಾರಕಿಂತ ಚೊಲೋ ಮಾತಾಡ್ತಾವ್ರಿ ಗೌಡ್ರ. ಒಂದು ಮಾತಾಡುವಾಗ ಇನ್ನೊಂದು ಕೇಳ್ತೈತಿ."

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೈಕ್ರೋಕಂಟ್ರೋಲರ್ ಎಂಬ ಹೆಸರನ್ನು ನಾವು ಮೊದಲು ಕೇಳಿದ್ದು ಅವರ ಬಾಯಿಂದಲೇ. ಎರಡೂ ಕಡೆ ಸಾಲುಗಾಲುಗಳಿದ್ದ ಆ ಕರಿಯ ಚಿಪ್ಪನ್ನು ನೋಡಿ ಗೌಡರು, ನೂರು ಕಾಲಿನ ಹುಳದ ಹಾಗಿದೆಯೆಂದು 'ಜರಿ' ಎಂದು ಹೆಸರಿಟ್ಟರು. ಒಂದೊಂದು ಪೆಟ್ಟಿಗೆಗೆ ಒಂದೊಂದು ಜರಿ. ಅದು ಮಾಡಬೇಕಾದ ಕೆಲಸವನ್ನೆಲ್ಲ ಅಕ್ಕೋರು ಅಂಕಿಗಳಲ್ಲಿ ಬರೆದುಕೊಂಡು, ಹುಬ್ಬಳ್ಳಿಯಲ್ಲಿ ತಮ್ಮ ಹಳೆಯ ವಿದ್ಯಾರ್ಥಿ ಕೆಲಸಕ್ಕಿದ್ದ ಕಡೆ ಬಸ್ಸಿನಲ್ಲಿ ಹೋಗಿ, ಜರಿಯ ಪಕ್ಕದಲ್ಲಿ ಕೂರುವ ಇನ್ನೊಂದು ಚಿಪ್ಪಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ಆ ಚಿಪ್ಪಿನ ಬೆನ್ನ ಮೇಲೆ ಸಣ್ಣ ಗಾಜಿನ ಕಿಟಕಿ. ಬರೆದದ್ದು ತಪ್ಪಾದರೆ ಆ ಕಿಟಕಿಗೆ ದಿನಗಟ್ಟಲೆ ಬಿಸಿಲು ಕುಡಿಸಿ ಅಳಿಸಿ, ಮತ್ತೆ ಹುಬ್ಬಳ್ಳಿಗೆ ಹೋಗಬೇಕು. ಅಳಿಸುವ ಯಂತ್ರ ಬೇರೆ ಇತ್ತಂತೆ, ನಮ್ಮಲ್ಲಿರಲಿಲ್ಲ. ಬೇಸಿಗೆಯಲ್ಲಿ ಅವರ ಮಾಳಿಗೆಯ ಮೇಲೆ ಒಂದು ಸೀರೆಯ ತುಂಬ ಅವ್ವನ ಸಂಡಿಗೆ, ಅದರ ಮೂಲೆಯಲ್ಲಿ ಮಗಳ ಚಿಪ್ಪುಗಳು. ನಾನೊಮ್ಮೆ ಹೋದಾಗ ಅವ್ವ ಕೋಲು ಹಿಡಿದು ಕಾಗೆ ಓಡಿಸುತ್ತ ಕೂತಿದ್ದರು. "ಸಂಡಿಗಿ ಎರಡ ದಿನಕ್ಕ ಒಣಗಿದ್ವು. ಈಕೀವು ಇನ್ನೂ ಹಸೀನ ಅದಾವು" ಎಂದು ನನ್ನ ಮುಂದೆ ಹಲುಬಿದರು.

ಎರಡು ಪೆಟ್ಟಿಗೆಗಳೂ ಮನೆಯಲ್ಲಿ ಚೆನ್ನಾಗಿ ಮಾತಾಡಿದವು. ಕಾಲೇಜಿನ ಹಾಲಿನಲ್ಲೂ ಮಾತಾಡಿದವು. ಹೊರಗೆ ಮೊದಲು ಒಯ್ದದ್ದು ಶಿಗ್ಗಾಂವಿಗೆ. ಮಕ್ತುಮ ಜೀವನದಲ್ಲಿ ಮೊದಲ ಸಲ ಜನರ ಹಿಂದೆ ಒಂದು ಮೇಜಿನ ಮುಂದೆ, ಇಸ್ತ್ರಿ ಅಂಗಿ ಹಾಕಿಕೊಂಡು ಕೂತ. ಮೊದಲ ಅಂಕ ಹೂವಿನ ಸರ ಎತ್ತಿದಂತೆ ನಡೆಯಿತು. ನಂತರ ತಡವಾಗಿ ಬಂದವರಿಗೆ ದಾರಿ ಕಾಣಲೆಂದು ಯಾರೋ ಪೆಂಡಾಲಿನ ಬದಿಯ ಟ್ಯೂಬ್‌ಲೈಟು ಹಾಕಿದರು. ಹಳೆಯ ಟ್ಯೂಬು, ಹತ್ತಲೋ ಬೇಡವೋ ಎಂದು ಪಕಪಕ ಮಿಣುಕತೊಡಗಿತು. ಅದರ ಜೊತೆಗೇ ನಮ್ಮ ರಂಗದ ದೀಪಗಳಿಗೆ ಹುಚ್ಚು ಹಿಡಿಯಿತು. ರಾತ್ರಿಯ ನೀಲಿ ಹೋಗಿ ಕೆಂಪು ಬಂತು, ಕಿಟಕಿಯಲ್ಲಿ ಇರಬೇಕಾದದ್ದು ಹಾಸಿಗೆಯ ಮೇಲೆ ಬಿತ್ತು. ಮಗಳ ಹಣೆ ಮುಟ್ಟಿ ಅಳುತ್ತಿದ್ದ ರುದ್ರಗೌಡರ ಮುಖ ಮದುವೆ ಮೆರವಣಿಗೆಯ ಹಾಗೆ ಬಣ್ಣ ಬಣ್ಣವಾಯಿತು. ಹಿಂದಿನಿಂದ ಸಿಳ್ಳೆ ಬಿತ್ತು. ಕೊನೆಗೆ ಅಷ್ಟೂ ದೀಪ ಭಗ್ಗನೆ ಹತ್ತಿ ಹಾಗೇ ನಿಂತುಬಿಟ್ಟವು. ಮಕ್ತುಮ ಗುಂಡಿ ಏನೇ ಸರಿಸಿದರೂ ಕದಲಲಿಲ್ಲ. ಗೌಡರು ಆ ಹಗಲಿನಂಥ ಬೆಳಕಿನಲ್ಲೇ "ಯಾವಾಗ ಬೆಳಗಾಗ್ತೈತೋ ದೇವರೇ" ಎನ್ನಬೇಕಾಯಿತು. ಆಗಿನ ನಗೆಯನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಗೌಡರು ಬಣ್ಣ ಅಳಿಸಿಕೊಳ್ಳದೆಯೇ ಹೊರಗೆ ಬಂದರು. "ಮುಂದಿನದು ಸವಣೂರು. ಅಲ್ಲಿ ಇನ್ನೊಮ್ಮೆ ಹಿಂಗಾತಂದ್ರ ಪೆಟಗಿ ಬಾವಿಗೆ, ಮಕ್ತುಮ ಮನಿಗೆ. ಲೈಟಿಗೆ ಹುಬ್ಬಳ್ಳಿಯವ ಬರ್ತಾನ. ತಿಳೀತೇನ್ರಿ ಸರ?" ಎಂದು ನನಗೆ ಹೇಳಿ, ಅಕ್ಕೋರಿಗೆ ಕೈಮುಗಿದು ಹೋದರು. ಮಕ್ತುಮ ತಂತಿ ಸುತ್ತಿಕೊಳ್ಳುತ್ತಿದ್ದ. ಮಡಚಿದ ಬಲಗೈಗೆ ತಂತಿಯ ಸುರುಳಿ ಹಾಕಿಕೊಂಡು ಎಡಗೈಯಿಂದ ಸುತ್ತುತ್ತ, "ಮನ್ಯಾಗ ಕುಂತು ಏನ ಮಾಡ್ಲೆಪ್ಪಾ" ಎಂದು ತನಗೆ ತಾನೇ ಅಂದುಕೊಂಡ. ಅದು ಅಕ್ಕೋರಿಗೆ ಕೇಳಿಸಿತು. ನನಗೂ ಕೇಳಿಸಿತು.

ಕಾರಣ ಅಲ್ಲೇ ಸಿಕ್ಕಿತು. ಅಕ್ಕೋರು ತಮ್ಮ ತೆಳು ತಂತಿಯನ್ನು ನೆಲದ ಮೇಲೆ, ಉಳಿದ ತಂತಿಗಳಿಂದ ದೂರ ಎಳೆದಿದ್ದರು. ಪೆಂಡಾಲಿನ ನಿಂಗಪ್ಪ ಸಂಜೆ ಅದನ್ನು ನೋಡಿ, ಅಕ್ಕೋರ ತಂತಿ ಮಂದಿಯ ಕಾಲಾಗ ಬೀಳತೈತಲ್ಲ ಎಂದು ಮರುಗಿ, ಎತ್ತಿ ಟ್ಯೂಬ್‌ಲೈಟಿನ ವೈರಿಗೇ ಸುತ್ತಿ ಸುತ್ತಿ ಕಟ್ಟಿದ್ದ. ಚೆಂದ ಕಾಣಲೆಂದು ನಡುನಡುವೆ ಚೆಂಡುಹೂವನ್ನೂ ಸಿಕ್ಕಿಸಿದ್ದ. ಟ್ಯೂಬು ಮಿಣುಕಿದಾಗೆಲ್ಲ ಅದರ ಗದ್ದಲ ನಮ್ಮ ತಂತಿಯೊಳಗೂ ನುಗ್ಗಿತ್ತು. ನಾನು ನಿಂಗಪ್ಪನ ಮೇಲೆ ಹಾರಿಬಿದ್ದೆ. ಅಕ್ಕೋರು ನನ್ನನ್ನು ತಡೆದರು.

"ಅಂವ ಪ್ರೀತಿಲೆ ಕಟ್ಯಾನ್ರಿ ಸರ. ಇವತ್ತು ಇಂವ ಕಟ್ಟಿದ, ನಾಳೆ ಸವಣೂರಾಗ ಇನ್ನೊಬ್ಬಂವ ಕಟ್ತಾನ. ಕಟ್ಟಬ್ಯಾಡ್ರಿ ಕಟ್ಟಬ್ಯಾಡ್ರಿ ಅಂತ ಊರೂರು ಹೇಳ್ಕೋತ ಹೋಗಾಕ ಆಗ್ತೈತೇನು? ಕಟ್ಟಿದ್ರೂ ನಡೀಬೇಕು."

ಮರುದಿನ ಸ್ಟಾಫ್ ರೂಮಿನಲ್ಲಿ ಚಹಾ ಆರುವ ತನಕ ನನಗೆ ಅದನ್ನೆಲ್ಲ ಬಿಡಿಸಿ ಹೇಳಿದರು. ಊಟದ ಪಂಕ್ತಿ ಇದೆಯೆಂದುಕೊಳ್ಳಿ. ಬಡಿಸುವವನು ತಲೆ ಎತ್ತದೆ ಸಾಲಾಗಿ ಬಡಿಸುತ್ತಾನೆ: ಮೊದಲನೆಯವರಿಗೆ ಹೋಳಿಗೆ, ಎರಡನೆಯವರಿಗೆ ಸಕ್ಕರೆ ಕಾಯಿಲೆಯೆಂದು ಚಪಾತಿ. ನಡುವೆ ಒಬ್ಬರು ಎದ್ದುಹೋದರೆ ಮುಂದಿನ ಎಲೆಗಳೆಲ್ಲ ಅದಲುಬದಲು. ಪೆಟ್ಟಿಗೆಯೂ ಒಂದೊಂದು ದೀಪದ ಅಂಕಿಯನ್ನು ಹೀಗೇ ಸಾಲಾಗಿ ಕಳಿಸುತ್ತಿತ್ತು. ಗದ್ದಲದಲ್ಲಿ ಒಂದು ಅಂಕಿ ಕಳೆದುಹೋಯಿತು, ನೀಲಿಯದು ಕೆಂಪಿಗೆ ಹೋಯಿತು. ಅದು ಒಂದು ತಪ್ಪು. ಅವರಿಗೆ ನಿಜವಾಗಿ ಸಿಟ್ಟು ಬಂದದ್ದು ಎರಡನೆಯದಕ್ಕೆ. ಕೆಟ್ಟ ಅಂಕಿಯೊಂದು ಬಂದಾಗ ರಂಗದ ಕೆಳಗಿನ ಜರಿ ಆ ತಪ್ಪನ್ನೇ ಹಿಡಿದುಕೊಂಡು ನಿಂತು, ಮುಂದೆ ಬಂದ ಸರಿಯಾದ ಮಾತುಗಳನ್ನೂ ಕೇಳದೆ ಹೋಗಿತ್ತು.

"ತಪ್ಪು ಕೇಳಿಸಿದ್ದು ದೊಡ್ಡ ತಪ್ಪಲ್ರೀ ಸರ, ಅದು ಯಾರಿಗರ ಆಗ್ತೈತಿ. ತಪ್ಪು ಕೇಳಿಸಿದ ಮ್ಯಾಲ ಕಿವಿ ಮುಚ್ಕೊಂಡು ಕುಂತೈತಲ್ಲ, ಅದನ್ನ ನಾ ಬಿಡಂಗಿಲ್ಲ."

ಹಿಂದಿನ ರಾತ್ರಿಯ ಸಿಟ್ಟಿಗೆ, ರುದ್ರಗೌಡರ ಜೊತೆ ಇನ್ನು ಮಾತೇ ಬೇಡ ಎಂದು ನಾನು ಗಟ್ಟಿಮಾಡಿಕೊಂಡಿದ್ದೆ. ಆ ಮಾತು ನನಗೂ ಸೇರಿಸಿ ಹೇಳಿದ್ದೇ ಎಂದು ಅನುಮಾನವಾಗಿ ಮುಖ ನೋಡಿದೆ. ಅವರು ಚಹಾ ಕುಡಿಯುತ್ತಿದ್ದರು. ಸಂಜೆ ಗೌಡರ ಮನೆಗೆ ನಾನೇ ಹೋಗಿಬಂದೆ.

ಅಕ್ಕೋರು ಎಲ್ಲವನ್ನೂ ಹೊಸದಾಗಿ ಬರೆಯಲು ಕೂತರು. ಪ್ರತಿ ಸಾಲಿನ ತಲೆಗೆ ಇಲ್ಲಿಂದ ಶುರು ಎಂಬ ಗುರುತು, ಪ್ರತಿ ಅಂಕಿಗೂ ತನ್ನ ದೀಪದ ಹೆಸರು, ಕೊನೆಗೆ ಎಲ್ಲವನ್ನೂ ಕೂಡಿದ ಮೊತ್ತ. ಕೇಳುವ ಜರಿ ತಾನೂ ಕೂಡಿ ನೋಡಬೇಕು. ತಾಳೆಯಾಗದಿದ್ದರೆ ಆ ಸಾಲನ್ನೇ ಎಸೆದು, ತಪ್ಪಿನ ಗುರುತು ಅಳಿಸಿಕೊಂಡು, ತಕ್ಷಣ ಮುಂದಿನದಕ್ಕೆ ಕಿವಿಗೊಡಬೇಕು. ಒಂದು ಸಾಲು ಹೋದರೆ ಏನೂ ಮುಳುಗುವುದಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಬರುತ್ತದೆ. ಮಾಳಿಗೆಯ ಮೇಲೆ ಚಿಪ್ಪುಗಳು ಮತ್ತೆ ಬಿಸಿಲಿಗೆ ಬಿದ್ದವು. ಅವರು ಹುಬ್ಬಳ್ಳಿಗೆ ಎಷ್ಟು ಸಲ ಹೋಗಿಬಂದರೆಂದರೆ, ಬಸ್ಸಿನ ಕಂಡಕ್ಟರು "ಏನ್ರಿ ಅಕ್ಕೋರ, ಇವತ್ತರ ಪಾಸಾತೇನ್ರಿ?" ಎಂದು ಕೇಳತೊಡಗಿದ್ದ.

ಸಾಲೇ ಬರದೆ ಹೋದರೆ, ಅಂದರೆ ತಂತಿಯೇ ಹರಿದರೆ ದೀಪಗಳು ಏನು ಮಾಡಬೇಕು ಎನ್ನುವುದರ ಮೇಲೆ ನಮ್ಮಲ್ಲಿ ದೊಡ್ಡ ಜಗಳವಾಯಿತು. ಎಲ್ಲ ದೀಪ ಪೂರ್ತಿ ಹತ್ತಲಿ, ನಾಟಕ ಹೇಗೋ ಮುಂದುವರಿಯುತ್ತದೆ ಎಂದು ನಾನು. ಎಲ್ಲ ಆರಲಿ, ಪರದೆ ಬಿಡೋಣ, ಮಾನವಾದರೂ ಉಳಿಯುತ್ತದೆ ಎಂದು ಗೌಡರು. ಅಕ್ಕೋರು ಎರಡೂ ಬೇಡವೆಂದು ತಲೆಯಾಡಿಸಿದರು.

"ಏನೂ ಕೇಳಸಲಿಲ್ಲಂದ್ರ ತನ್ನ ಮನಸ್ಸಿಗೆ ಬಂದಂಗ ಮಾಡೂ ಹಕ್ಕು ಅದಕ್ಕಿಲ್ರಿ. ಕಡೀಕ ಸರಿಯಾಗಿ ಏನು ಕೇಳಿತ್ತೋ ಅದರ ಮ್ಯಾಲ ನಿಂದರಬೇಕು. ನಿಂತು ಕೇಳ್ಕೋತ ಇರಬೇಕು. ಎರಡೂ ಮಾಡಬೇಕು."

ಪರೀಕ್ಷೆ ಮಾಡಿದ್ದು ಹಾನಗಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ, ಸುಗ್ಗಿಯ ಕಾಲದ ನಡುಮಧ್ಯಾಹ್ನ. ಗಿರಣಿಯ ಮೋಟಾರಿನ ವೈರು ತೋರಿಸಿ, ಶಿಗ್ಗಾಂವಿಯಿಂದ ಕರೆಸಿದ್ದ ನಿಂಗಪ್ಪನಿಗೆ "ಅವತ್ತು ಕಟ್ಟಿದಿಯಲ್ಲ, ಹಂಗ ಕಟ್ಟು" ಎಂದರು. ಅವನು ತಮಾಷೆ ಎಂದುಕೊಂಡು ಕೈಕಟ್ಟಿ ನಿಂತ. "ಖರೇ ಕಟ್ಟೋ ಮಾರಾಯ. ನಿನ್ನಂಗ ಕೆಟ್ಟ ಕಟ್ಟಾಕ ನನಗ ಬರಂಗಿಲ್ಲ" ಎಂದು ನಗಿಸಿ ಕಟ್ಟಿಸಿದರು. ಹಳೆಯ ಟ್ಯೂಬುಗಳನ್ನೂ ಹುಡುಕಿ ತಂದು ಪಕ್ಕದಲ್ಲಿ ಮಿಣುಕಿಸಿದರು. ಮೋಟಾರು ಶುರುವಾದಾಗ ದೀಪಗಳು ಬೆಚ್ಚಿದವು. ಅಕ್ಕೋರು ತಲೆ ತುಂಬ ಹೊಟ್ಟಿನ ಧೂಳು ಹೊದ್ದುಕೊಂಡು ಕೂತು, ಏನೋ ಗುರುತು ಮಾಡಿಕೊಂಡರು. ಮತ್ತೆ ಬಿಸಿಲು, ಮತ್ತೆ ಹುಬ್ಬಳ್ಳಿ, ಮತ್ತೆ ಗಿರಣಿ. ಕೊನೆಗೊಂದು ದಿನ ಮೋಟಾರು ಗುಡುಗಿದರೂ ನೀಲಿ ದೀಪ ಕದಲಲಿಲ್ಲ. ಮಕ್ತುಮ ಗಿರಣಿಯ ಆ ತುದಿಯಲ್ಲಿ ಗುಂಡಿ ಸರಿಸಿದ, ಈ ತುದಿಯಲ್ಲಿ ಭತ್ತದ ಚೀಲಗಳ ಮೇಲೆ ಮೆಲ್ಲಗೆ ಬೆಳಗಾಯಿತು. ಹಮಾಲರು ಚೀಲ ಇಳಿಸಿ ನೋಡುತ್ತ ನಿಂತರು.

ಸವಣೂರಿನ ಪ್ರಯೋಗದ ದಿನ ಸಂಜೆಗೇ ಪೆಂಡಾಲು ತುಂಬಿತು. ಅಲ್ಲಿನ ಪೆಂಡಾಲಿನವನು ಏನೇನು ಯಾವುದಕ್ಕೆ ಕಟ್ಟಿದ್ದನೋ, ಅಕ್ಕೋರು ತಿರುಗಿಯೂ ನೋಡಲಿಲ್ಲ. ಟ್ಯೂಬು ಮಿಣುಕಿದವು, ಐಸ್‌ಕ್ರೀಮಿನವನ ಮೋಟಾರು ತಿರುಗಿತು. ರಂಗದ ದೀಪಗಳು ಮಕ್ತುಮ ಹೇಳಿದ್ದನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳಲಿಲ್ಲ. ಸೈಡ್ ವಿಂಗಿನಲ್ಲಿ ನಿಂತಿದ್ದ ನಾನು ಹಿರೇಕೆರೂರಿನಿಂದ ಇತ್ತ ಮೊದಲ ಸಲ ಉಸಿರು ಸಡಿಲ ಬಿಟ್ಟೆ.

ಕೊನೆಯ ದೃಶ್ಯ. ಗೌಡರ ಮಾತು ಅರ್ಧಕ್ಕೆ ಬಂದಿತ್ತು, ಕಿಟಕಿಯಲ್ಲಿ ಬೆಳಗು ಅರ್ಧಕ್ಕೆ ಬಂದಿತ್ತು. ಬೆಳಗು ಅಲ್ಲಿಗೇ ನಿಂತಿತು. ಮಾತು ಮುಂದೆ ಹೋದರೂ ಬೆಳಕು ಏರಲಿಲ್ಲ. ನಾನು ಪರದೆಯ ಸಂದಿಯಿಂದ ನೋಡಿದೆ. ದೂರದಲ್ಲಿ ಮಕ್ತುಮ ಎದ್ದು ನಿಂತು ಎಡಗೈ ಮೇಲೆತ್ತಿದ್ದ. ಗೌಡರೂ ಅದನ್ನು ನೋಡಿದರು. ಅವರು ಸಿಟ್ಟಿನಲ್ಲಿ ಎದ್ದು ಹೊರಗೆ ಬರುತ್ತಾರೆಂದು ನಾನು ಪರದೆಯ ಹಗ್ಗ ಹಿಡಿದೆ. ಆದರೆ ರಂಗದಲ್ಲಿ ಕತ್ತಲಾಗಿರಲಿಲ್ಲ, ಕಣ್ಣು ಕುಕ್ಕುವ ಬೆಳಕೂ ಬಂದಿರಲಿಲ್ಲ. ಇನ್ನೂ ಬೆಳಗಾಗದ ಹೊತ್ತು ಹಾಗೇ ಉಳಿದಿತ್ತು, ಕೆಳಗೆ ಕೂತ ಜನಕ್ಕೆ ಏನೂ ಗೊತ್ತಾಗಿರಲಿಲ್ಲ. ಗೌಡರು ಮಗಳ ಕೂದಲು ನೇವರಿಸುತ್ತ, ನಾನು ಬರೆಯದ ಮಾತು ಶುರು ಮಾಡಿದರು. ಅವಳು ಸಣ್ಣವಳಿದ್ದಾಗ ಎತ್ತಿನ ಬಂಡಿಯಲ್ಲಿ ನಿದ್ದೆ ಹೋದದ್ದು, ಅವಳಿಗೆ ಎಚ್ಚರವಾಗದಿರಲೆಂದು ಎತ್ತುಗಳ ಗೆಜ್ಜೆ ಬಿಚ್ಚಿದ್ದು. ಅಷ್ಟು ಒಳ್ಳೆಯ ಮಾತು ನನಗೆ ಯಾವತ್ತೂ ಹೊಳೆದಿರಲಿಲ್ಲ. ಹಗ್ಗ ಬಿಟ್ಟೆ.

ಹೆಣ್ಣುಮಕ್ಕಳ ಸಾಲಿನಲ್ಲಿದ್ದ ಅಕ್ಕೋರು ಹಿಂದೆ ತಿರುಗಿ ಮಕ್ತುಮನ ಕೈ ನೋಡಿದೊಡನೆ ಎದ್ದಿದ್ದರಂತೆ. ತಂತಿಯನ್ನು ಬೆರಳಲ್ಲಿ ಹಿಡಿದು, ಕೂತವರ ನಡುವೆ ಬಗ್ಗಿಕೊಂಡೇ ಹಿಂದಕ್ಕೆ ಹೋದರು. ಯಾರೋ ಬೆಂಚು ಎಳೆದು ಹಾಕಿದ್ದರು, ಅದರ ಕಬ್ಬಿಣದ ಕಾಲಿಗೆ ಸಿಕ್ಕು ತಂತಿ ತುಂಡಾಗಿತ್ತು. ಹಲ್ಲಿನಿಂದ ಮೇಲಿನ ಸಿಪ್ಪೆ ಕಚ್ಚಿ ತೆಗೆದು ತುಂಡಾದ ಎರಡು ಎಳೆಗಳನ್ನೂ ತಂತಮ್ಮ ಜೋಡಿಗೆ ಹೊಸೆದರು. ಮಾತು ಮಾತ್ರ ಹೋಗುವ ತಂತಿ, ಶಾಕು ಹೊಡೆಯುವಂಥದ್ದಲ್ಲ, ಆದರೆ ಮೇಲೆ ಸುತ್ತಲು ಟೇಪು ಇರಲಿಲ್ಲ. ಎಳೆಗಳು ಒಂದಕ್ಕೊಂದು ತಾಗಬಾರದು, ಓಡಾಡುವವರ ಕಾಲಿಗೆ ಸಿಕ್ಕಬಾರದು. ಹಾಗಾಗಿ ಒಂದನ್ನು ಬಲಗೈಯಲ್ಲಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು, ನುಗ್ಗುವ ಮಂದಿಗೆ ಎದುರಾಗಿ, ರಂಗಕ್ಕೆ ಬೆನ್ನು ಮಾಡಿ ಮಣ್ಣಿನಲ್ಲಿ ಕೂತುಬಿಟ್ಟರು.

ಅತ್ತ ಮಕ್ತುಮನೂ ತನ್ನ ಕೆಲಸ ಮಾಡಿದ್ದ. ದೀಪಗಳು ತನ್ನ ಮಾತು ಕೇಳುತ್ತಿಲ್ಲ ಎಂದು ತಿಳಿದೊಡನೆ, ಮುಂದೆ ಸರಿಸಿದ್ದ ಗುಂಡಿಗಳನ್ನೆಲ್ಲ ಬೆಳಕು ನಿಂತಿದ್ದ ಮಟ್ಟಕ್ಕೇ ಹಿಂದೆ ತಂದು ಇಟ್ಟಿದ್ದ. ಮಾತು ಮತ್ತೆ ಹತ್ತಿದಾಗ ಬೆಳಕು ಒಮ್ಮೆಲೇ ಹಾರಬಾರದಲ್ಲ. ಆಗಾಗ ಮೂಲೆಯ ಒಂದು ಸಣ್ಣ ದೀಪವನ್ನು ಮಾತ್ರ ಕೂದಲೆಳೆಯಷ್ಟು ಏರಿಸಿ ನೋಡುತ್ತಿದ್ದ. ಒಂದು ಸಲ ಅದು ಏರಿತು. ಅವನು ಕೂತುಕೊಂಡ.

ಬಂಡಿಯ ಮಾತು ಮುಗಿಸಿ ಗೌಡರು ಕಿಟಕಿಯ ಕಡೆ ತಿರುಗಿದರು. ಬೆಳಗಾಗತೊಡಗಿತು. ಉಪ್ಪುನೀರಿನ ಕಾಲದಲ್ಲೂ ಅಂಥ ಬೆಳಗು ನಾನು ನೋಡಿರಲಿಲ್ಲ. ಪೆಂಡಾಲಿನಲ್ಲಿ ಯಾರೂ ಕೆಮ್ಮಲಿಲ್ಲ. ಮಗಳು ಕಣ್ಣು ಬಿಟ್ಟಳು, ಪರದೆ ಬಿತ್ತು. ನಾನು ನಾಚಿಕೆಯಿಲ್ಲದೆ ಅತ್ತೆ.

ಜನ ಚದುರಿದ ಮೇಲೆ ಅಕ್ಕೋರನ್ನು ಹುಡುಕಿಕೊಂಡು ಹೋದೆ. ಇನ್ನೂ ಹಾಗೇ ಕೂತಿದ್ದರು. ಸೀರೆಯ ಮೇಲೆಲ್ಲ ಮಂದಿಯ ಕಾಲಿನ ಮಣ್ಣು, ತುಟಿಯ ಮೇಲೆ ತಂತಿ ಕೊರೆದ ಗಾಯ, ಎರಡೂ ಕೈ ಬೇರೆ ಬೇರೆ. ನನ್ನನ್ನು ನೋಡಿ ಕೇಳಿದರು:

"ಸರ, ಬೆಳಗಾತೇನ್ರಿ?"

ಎರಡು ಪೆಟ್ಟಿಗೆಗಳ ನಡುವೆ ಆ ಬೆಳಗು ಹಾದುಹೋದದ್ದೇ ಅವರ ಕೈಗಳಲ್ಲಿ, ನೋಡದೆ ಇದ್ದವರು ಅವರೊಬ್ಬರೇ. ನನ್ನ ಹಿಂದೆ ಬಂದು ನಿಂತಿದ್ದ ಮಕ್ತುಮ ಹೇಳಿದ:

"ಆತ್ರೀ ಅಕ್ಕೋರ. ಗೌಡ್ರ ಮಾರಿ ಕಾಣ್ತು. ಪೂರಾ ಮಾರಿ."

ಅಕ್ಕೋರು ಅವನ ಮುಖ ನೋಡಿದರು. "ಇನ್ನೊಮ್ಮೆ ಹೇಳು" ಎಂದರು.

"ಪೂರಾ ಮಾರಿ ಕಾಣ್ತ್ರಿ."

ಆಮೇಲೆ ತಂತಿ ಬಿಟ್ಟರು.